ಪಟ್ಟಿಯಲ್ಲಿ ಇಲ್ಲದ ಊರು

ಸಾಗರ
4 ಡಿಸೆಂಬರ್ 1986

ಗೌರವಾನ್ವಿತ ಸರ್,

ಕಂಪ್ಯೂಟರ್ ಕೊನೆಗೂ ಸಾಗರಕ್ಕೆ ಬಂತು. ಶಿವಮೊಗ್ಗದಿಂದ ಬರುವಾಗ ಆನಂದಪುರದ ಹತ್ತಿರ ಲಾರಿಯ ಟೈರು ಪಂಕ್ಚರ್ ಆಯಿತು. ಪೆಟ್ಟಿಗೆಗಳನ್ನು ಒಂದು ಹೋಟೆಲಿನ ಜಗಲಿಗೆ ಇಳಿಸಿಕೊಂಡು ಮಧ್ಯಾಹ್ನದವರೆಗೆ ಕಾವಲು ಕೂತಿದ್ದೆ. ಅದರೊಳಗೆ ಏನಿದೆ ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಯಿತು.

ನಮ್ಮ ಕಾಡಂಚು ಆರೋಗ್ಯ ಸಂಘದ ಕಚೇರಿಯಲ್ಲಿ ಅದಕ್ಕೊಂದು ಕೋಣೆ ಸುಣ್ಣ ಬಳಿಸಿ ಇಟ್ಟಿದ್ದೇವೆ. ಕಾಡಿನಲ್ಲಿ ಮಂಗ ಸತ್ತರೆ ನಮ್ಮ ಕಾರ್ಯಕರ್ತರು ಬರೆದು ಹಾಕುವ ಕಾರ್ಡುಗಳನ್ನು ಇಷ್ಟು ದಿನ ಗೋಡೆಯ ಮೇಲಿನ ನಕ್ಷೆಗೆ ಗುಂಡುಸೂಜಿ ಚುಚ್ಚಿ ನೋಡುತ್ತಿದ್ದೆವು. ಎಲ್ಲಿ ಸೂಜಿ ಹೆಚ್ಚಾಯಿತೋ ಅಲ್ಲಿಗೆ, ಮಂಗನಿಂದ ಜನರಿಗೆ ಕಾಯಿಲೆ ಹರಡುವ ಉಣುಗು ಸಾಯುವ ಪುಡಿ ಹೊಡೆಯಲು ಜನ ಹೋಗುತ್ತಿದ್ದರು, ಕಾಡಿಗೆ ಹೋಗಬೇಡಿ ಎಂದು ಊರಿನವರಿಗೆ ಹೇಳುತ್ತಿದ್ದರು. ಇನ್ನು ಆ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ, ಯಾವ ಊರಿಗೆ ಮೊದಲು ಹೋಗಬೇಕೆಂಬ ಪಟ್ಟಿ ಪ್ರತಿ ಸೋಮವಾರ ಅಚ್ಚಾಗಿ ಬರುತ್ತದೆ. ಮಂಗನ ಕಾಯಿಲೆಯ ಕಾಲ ಶುರುವಾಗುತ್ತಿದೆ, ಆದ್ದರಿಂದ ನನಗೂ ಆತುರವಿದೆ.

ಪ್ರೋಗ್ರಾಂ ಬಹುಮಟ್ಟಿಗೆ ಮುಗಿದಿದೆ. ಊರಿನ ಹೆಸರುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ತೊಡಕಿದೆ. ಅದನ್ನು ಸರಿಮಾಡುತ್ತಿದ್ದೇನೆ.

ತೀರ್ಥಹಳ್ಳಿ ಕಾಲೇಜಿನಲ್ಲಿ ನಿಮ್ಮ ಗಣಿತದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವಳನ್ನು, ಸಂಘದ ಕಾರ್ಯದರ್ಶಿಯಾದ ನೀವೇ ಹುಡುಕಿ ಕರೆದು, ಇಡೀ ಕೆಲಸ ಒಪ್ಪಿಸಿದ್ದೀರಿ. ಅದನ್ನು ನೆನೆದಾಗ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಗುತ್ತದೆ.

ನಿಮ್ಮ ವಿದ್ಯಾರ್ಥಿನಿ,
ಧರ್ಮಾವತಿ


ತೀರ್ಥಹಳ್ಳಿ
11 ಡಿಸೆಂಬರ್ 1986

ಚಿ. ಧರ್ಮಾವತಿಗೆ,

ನಿನ್ನ ಪತ್ರವನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಬಹುಮಟ್ಟಿಗೆ ಮುಗಿದಿದೆ ಎಂಬ ಮಾತು ಕೇಳಿ ಮೈಮೇಲಿನ ಭಾರ ಇಳಿದಂತಾಯಿತು.

ಹೆಸರುಗಳ ತೊಡಕು ಏನೆಂದು ನನಗೆ ಅರ್ಥವಾಯಿತು. ಕನ್ನಡದ ಊರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಬ್ಬರದು ಒಂದು ತರಹ ಆಗುತ್ತದೆ. ನನ್ನ ಹೆಸರನ್ನೇ ಜನ ಎಷ್ಟು ಬಗೆಯಲ್ಲಿ ಬರೆಯುವುದಿಲ್ಲ! ಕಾಗುಣಿತಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ನಮಗೆ ಯಂತ್ರ ಕೊಡಿಸಿದ ಬೆಂಗಳೂರಿನ ಸಮಿತಿಯವರಿಗೆ ಬರೆದಿದ್ದೇನೆ. ಸಂಕ್ರಾಂತಿಯ ಹೊತ್ತಿಗೆ ಪಟ್ಟಿ ಶುರುವಾಗುತ್ತದೆ ಎಂದು ಮಾತು ಕೊಟ್ಟಿದ್ದೇನೆ. ನಮ್ಮ ಮೂರು ತಾಲ್ಲೂಕಿನಲ್ಲಿ ಇದು ಗೆದ್ದರೆ ಬೇರೆ ಜಿಲ್ಲೆಗಳಿಗೂ ಕೊಡುತ್ತಾರಂತೆ. ಸಮಿತಿಯ ನೇಮಿರಾಜರು ಮಾರ್ಚಿನಲ್ಲಿ ನೋಡಲು ಬರುತ್ತಾರೆ. ಬಂದವರಿಗೆ ಹಳೆಯ ನಕ್ಷೆ ಸೂಜಿಗಳು ಕಂಡರೆ ನಮಗೇ ನಂಬಿಕೆಯಿಲ್ಲ ಎಂದುಕೊಂಡಾರು. ಪಟ್ಟಿ ಶುರುವಾದ ದಿನವೇ ಅದನ್ನು ಇಳಿಸಿಬಿಡು.

ಆಶೀರ್ವಾದಗಳೊಂದಿಗೆ,
ಉಮಾಮಹೇಶ್ವರ


ಸಾಗರ
22 ಡಿಸೆಂಬರ್ 1986

ಗೌರವಾನ್ವಿತ ಸರ್,

ಮೂರು ಸಂಜೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಬರೆದದ್ದನ್ನು ಓದಿದರೆ ನಿಮ್ಮ ಮಾತಿಗೆ ಎದುರಾಡಿದ ಹಾಗೆ ಕಾಣುತ್ತದೆ, ಹರಿದು ಹಾಕುತ್ತೇನೆ.

ತೊಡಕು ಕಾಗುಣಿತದ್ದಷ್ಟೇ ಅಲ್ಲ. ಸಾಗರ ತಾಲ್ಲೂಕಿನ ಕೆಲಸ ಮುಗಿದಿದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಊರುಗಳದ್ದು ಇನ್ನೂ ಇದೆ. ಇನ್ನಷ್ಟು ವಾರ ನಕ್ಷೆಯನ್ನೂ ಜೊತೆಗೆ ಇಟ್ಟುಕೊಂಡರೆ ಒಳ್ಳೆಯದಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ಮಾತು ಕೊಟ್ಟಾಗಿದೆ ಎಂದರೆ ಹೇಗಾದರೂ ಮಾಡಿ ಹೊಂದಿಸುತ್ತೇನೆ. ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ.

ಇಲ್ಲಿ ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುತ್ತದೆ. ಹಾಕಿದ್ದೆಲ್ಲ ಅಳಿಸಿ ಹೋಗಿ ಮತ್ತೆ ಮೊದಲಿನಿಂದ ಹಾಕುತ್ತೇನೆ.

ಧರ್ಮಾವತಿ


ತೀರ್ಥಹಳ್ಳಿ
2 ಜನವರಿ 1987

ಚಿ. ಧರ್ಮಾವತಿಗೆ,

ಹೊಂದಿಸುತ್ತೇನೆ ಎಂದೆಯಲ್ಲ, ಅಷ್ಟು ಸಾಕು. ನೀನು ವಿದ್ಯಾರ್ಥಿನಿಯಾಗಿದ್ದಾಗಲೂ ಹೀಗೆಯೇ. ಲೆಕ್ಕ ಸರಿಯಿದ್ದರೂ ಪರೀಕ್ಷೆಯ ಕೋಣೆಯಿಂದ ಮುಖ ಸಣ್ಣ ಮಾಡಿಕೊಂಡು ಹೊರಗೆ ಬರುತ್ತಿದ್ದೆ.

ಸಂಕ್ರಾಂತಿಗೆ ಶುರು ಮಾಡು. ಮೊದಲ ಪಟ್ಟಿಯ ಒಂದು ಪ್ರತಿ ನನಗೆ ಕಳಿಸು, ಚೌಕಟ್ಟು ಹಾಕಿಸಬೇಕೆಂದಿದ್ದೇನೆ.

ಉಮಾಮಹೇಶ್ವರ


ಸಾಗರ
20 ಜನವರಿ 1987

ಗೌರವಾನ್ವಿತ ಸರ್,

ಮೊದಲ ಪಟ್ಟಿ ಇದರ ಜೊತೆಗಿದೆ. ಮೂರು ತಾಲ್ಲೂಕಿನ ಕಾರ್ಯಕರ್ತರಿಗೂ ಅವರವರ ಭಾಗ ಕತ್ತರಿಸಿ ಅಂಚೆಗೆ ಹಾಕಿದ್ದೇನೆ. ನಕ್ಷೆ ಇಳಿಸಿ ಸುತ್ತಿ ಅಟ್ಟದ ಮೇಲೆ ಇಟ್ಟಾಯಿತು. ಗೋಡೆಯಲ್ಲಿ ಅದಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿದೆ.

ಪುಡಿ ಹೊಡೆಯುವವರು ಪಟ್ಟಿ ಹಿಡಿದುಕೊಂಡು ಹೋದದ್ದನ್ನು ನೋಡಿ ಖುಷಿಯಾಯಿತು ಎಂದು ಬರೆಯಬೇಕೆಂದಿದ್ದೆ. ಹೋದವರು ವಾಪಸು ಬರುವವರೆಗೂ ಕೂತಲ್ಲಿ ಕೂರಲಾಗಲಿಲ್ಲ. ಅವರು ಬಂದು ಎಲ್ಲ ಸರಿ ಇತ್ತು ಎಂದರು. ಆಮೇಲೂ ಕೂರಲಾಗಲಿಲ್ಲ.

ಹೊಸನಗರದ ಊರುಗಳು ಅರ್ಧ ಆಗಿವೆ.

ಧರ್ಮಾವತಿ


ಸಾಗರ
17 ಫೆಬ್ರವರಿ 1987

ಸರ್,

ಟ್ರಂಕ್ ಕಾಲ್ ಬುಕ್ ಮಾಡಿ ಬೆಳಗಿನಿಂದ ಕಾದೆ, ಸಿಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಹೊಸನಗರದ ನಮ್ಮ ಕಾರ್ಯಕರ್ತ ಬೆಳ್ಳಪ್ಪ ಇವತ್ತು ಮೊದಲನೇ ಬಸ್ಸಿಗೆ ಬಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

"ಧರ್ಮಾವತಮ್ಮೋರೆ, ನೇರಳೆಕೊಪ್ಪದಲ್ಲಿ ಮಂಗ ಸತ್ತಾವೆ ಅಂತ ಕಾರ್ಡ್ ಹಾಕಿದ್ನಲ್ಲ, ಮುಟ್ಟಿತ್ತಾ?" ಎಂದರು.

ಮುಟ್ಟಿತ್ತು, ನಾನೇ ಕಂಪ್ಯೂಟರಿಗೆ ಹಾಕಿದ್ದೆ.

"ಮತ್ತೆ ಪಟ್ಟೀಲಿ ಹೆಸರೇ ಇರ್ಲಿಲ್ಲ?"

ಪಟ್ಟಿಯ ಪ್ರತಿ ತೆಗೆದು ನೋಡಿದೆ. ನೇರಳೆಕೊಪ್ಪ ಇತ್ತು. ಆದರೆ ಸಾಗರ ತಾಲ್ಲೂಕಿನ ಭಾಗದಲ್ಲಿ ಇತ್ತು. ಸರ್, ಇಲ್ಲಿಯೂ ಒಂದು ನೇರಳೆಕೊಪ್ಪ ಇದೆ. ಪ್ರೋಗ್ರಾಂ ಊರಿನ ಹೆಸರನ್ನಷ್ಟೇ ನೋಡುತ್ತದೆ. ಒಂದೇ ಹೆಸರಿನ ಎರಡು ಊರಿದ್ದರೆ ಎರಡನ್ನೂ ಒಂದೇ ಎಂದು ತಿಳಿದು, ಮೊದಲು ಯಾವುದನ್ನು ಹಾಕಿದ್ದೇನೋ ಅದಕ್ಕೆ ಸೇರಿಸಿಬಿಡುತ್ತದೆ. ಹಾಗಾಗಬಾರದೆಂದು ಪ್ರತಿ ಊರಿಗೂ ಬೇರೆ ಬೇರೆ ನಂಬರು ಕೊಡುತ್ತಿದ್ದೆ. ಹೊಸನಗರದ ಆ ಭಾಗಕ್ಕೆ ಇನ್ನೂ ಬಂದಿರಲಿಲ್ಲ. ನಾನು ನಿಮಗೆ ಬರೆದ 'ಸ್ವಲ್ಪ ತೊಡಕು' ಇದೇ.

ನಮ್ಮವರು ಸಾಗರದ ನೇರಳೆಕೊಪ್ಪಕ್ಕೆ ಹೋಗಿ, ಸತ್ತ ಮಂಗ ಎಲ್ಲೂ ಕಾಣದೆ, ಒಂದಿಷ್ಟು ಪುಡಿ ಹೊಡೆದು ಬಂದಿದ್ದಾರೆ.

ಬೆಳ್ಳಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಮಂಗ ಬಿದ್ದಿದ್ದು ನೋಡಿ, ಕಾಡಿಗೆ ಕಾಲಿಡಬ್ಯಾಡಿ ಅಂತ ಮನೆ ಮನೆಗೆ ಹೇಳಿದ್ದೆ. ಜನ ಕೇಳಿದ್ರು. ಆಮೇಲೆ ನಿಮ್ ಪಟ್ಟಿ ಬಂತು, ನೋಡಿದ್ರೆ ನಮ್ಮೂರಿಲ್ಲ. ಅಷ್ಟ್ ದೊಡ್ಡ ಮಿಷಿನ್ನು ನೋಡಿ ಹೇಳಿದ್ ಮೇಲೆ ಭಯ ಇಲ್ಲ ಅಂತ ಅಂದ್ಕಂಡೆ. ಹೋಗಬ್ಯಾಡಿ ಅಂದೋನೂ ನಾನೇ, ಹೋಗಿ ಅಂದೋನೂ ನಾನೇ."

ವಾಸಪ್ಪ ಮತ್ತು ಅವರ ಹೆಂಡತಿ ಮೂಕಮ್ಮ ಕೊಟ್ಟಿಗೆಗೆಂದು ಒಣಗಿದ ಎಲೆ, ದರಗು ತರಲು ಕಾಡಿಗೆ ಹೋಗಿದ್ದರಂತೆ. ಈಗ ಇಬ್ಬರಿಗೂ ಜ್ವರ. ಹೊಸನಗರದ ಆಸ್ಪತ್ರೆಯಲ್ಲಿದ್ದಾರೆ.

ಪುಡಿ ಹೊಡೆಯುವವರನ್ನು ಈಗಲೇ ಅಲ್ಲಿಗೆ ಕಳಿಸಿದ್ದೇನೆ. ಮುಂದೇನು ಮಾಡಲಿ, ಹೇಳಿ.

ಧರ್ಮಾವತಿ


ತೀರ್ಥಹಳ್ಳಿ
21 ಫೆಬ್ರವರಿ 1987

ಚಿ. ಧರ್ಮಾವತಿಗೆ,

ಗಾಬರಿ ಬೇಡ. ಪುಡಿ ಹೊಡೆಯುವವರನ್ನು ಕಳಿಸಿದ್ದು ಸರಿ. ಈ ಜ್ವರ ಬಂದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಅವರಿಗೆ ಬಂದಿರುವುದು ಅದೇ ಜ್ವರ ಹೌದೋ ಅಲ್ಲವೋ, ಅದೂ ಇನ್ನೂ ತಿಳಿದಿಲ್ಲ.

ನಂಬರು ಕೊಡುವ ಕೆಲಸ ಬೇಗ ಮುಗಿಸು. ಆದರೆ ಈ ವಿಷಯ ನಮ್ಮೊಳಗೇ ಇರಲಿ. ನೇಮಿರಾಜರು ಬಂದು ಹೋಗಲಿ. ಹೊತ್ತು ನೋಡಿ ಸಮಿತಿಗೆ ನಾನೇ ಹೇಳುತ್ತೇನೆ. ಒಂದು ಊರಿನ ಸಲುವಾಗಿ ಅವರು ಎಲ್ಲವನ್ನೂ ನಿಲ್ಲಿಸಿಬಿಟ್ಟರೆ ಮುಂದೆ ನೂರು ಊರಿಗೆ ಆಗಬಹುದಾದ ಉಪಕಾರ ತಪ್ಪಿಹೋಗುತ್ತದೆ. ನೀನು ಬುದ್ಧಿವಂತೆ, ಇದು ನಿನಗೆ ಅರ್ಥವಾಗುತ್ತದೆ.

ನಕ್ಷೆ ಅಟ್ಟದ ಮೇಲೆಯೇ ಇರಲಿ.

ಉಮಾಮಹೇಶ್ವರ


ಸಾಗರ
6 ಮಾರ್ಚ್ 1987

ಸರ್,

ವಾಸಪ್ಪ ತೀರಿಕೊಂಡರು. ಜ್ವರ ಬಿಟ್ಟಿತು ಎಂದು ಮನೆಗೆ ಕರೆದುಕೊಂಡು ಹೋಗುವ ಮಾತಾಡುತ್ತಿದ್ದರಂತೆ, ಅಷ್ಟರಲ್ಲಿ ಮತ್ತೆ ಏರಿತಂತೆ. ರಕ್ತ ಪರೀಕ್ಷೆಗೆ ಹೋಗಿದ್ದು ಬಂದಿದೆ. ಅದೇ ಜ್ವರ. ಮೂಕಮ್ಮ ಉಳಿದಿದ್ದಾರೆ, ಕೈ ನಡುಗುತ್ತದೆಯಂತೆ. ಬೆಳ್ಳಪ್ಪ ಕಾರ್ಡು ಬರೆದಿದ್ದರು. ನಿಮಗೂ ಬರೆದಿದ್ದೇನೆ ಎಂದಿದ್ದರು. ಆದ್ದರಿಂದ ನಿಮಗೆ ಮೊದಲೇ ತಿಳಿದಿರಬೇಕು.

ನೇಮಿರಾಜರು ನಿನ್ನೆ ಬಂದಿದ್ದರು. ವಯಸ್ಸಾದವರು, ಮೆತ್ತಗೆ ಮಾತಾಡುತ್ತಾರೆ. ಪಟ್ಟಿ ಅಚ್ಚಾಗುವುದನ್ನು ಮಗುವಿನ ಹಾಗೆ ಬಗ್ಗಿ ನೋಡಿದರು. ಆಮೇಲೆ, "ನಿಮ್ಮ ಸರ್ ಹೇಳಿದ್ರು, ಶುರುವಾದಾಗಿನಿಂದ ಒಂದೂ ತಪ್ಪಾಗಿಲ್ಲ ಅಂತ. ದೊಡ್ಡ ಕೆಲಸ ಮಾಡಿದ್ದೀರಿ," ಎಂದರು.

ಸುಮ್ಮನಿರಬಹುದಿತ್ತು. ಸುಮ್ಮನಿರಬೇಕು ಎಂದೇ ಬೆಳಿಗ್ಗೆಯಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಅವರು ಮುಂದಿನ ವರ್ಷ ಇದೇ ಪ್ರೋಗ್ರಾಂ ಉತ್ತರ ಕನ್ನಡಕ್ಕೆ ಕೊಂಡೊಯ್ಯುವ ಮಾತೆತ್ತಿದರು. ಅಲ್ಲಿಯೂ ಒಂದೇ ಹೆಸರಿನ ಊರುಗಳು ಎಷ್ಟಿಲ್ಲ? ನನ್ನ ಬಾಯಿಂದ ಮಾತು ಹೊರಬಿತ್ತು. "ತಪ್ಪಾಗಿದೆ ಸರ್. ಒಬ್ಬರು ಸತ್ತಿದ್ದಾರೆ. ಕೆಲಸ ಮುಗಿಯದೆ ಪಟ್ಟಿ ಶುರು ಮಾಡಿದ್ವಿ. ಹೀಗಾಗಬಹುದು ಅಂತ ನಂಗೆ ಮೊದಲೇ ಗೊತ್ತಿತ್ತು."

ಅವರು ಕುರ್ಚಿ ಎಳೆದುಕೊಂಡು ಕೂತರು. "ಪುಡಿ ಹೊಡೆದಿದ್ರೆ ಅವರು ಉಳೀತಿದ್ರಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಯಾರಿಗೂ ಗೊತ್ತಾಗುವುದಿಲ್ಲ, ಸರ್. ಕಾಡಿಗೆ ಹೋಗದಿದ್ದರೆ ಉಳಿಯುತ್ತಿದ್ದರು ಎಂಬುದು ಮಾತ್ರ ಗೊತ್ತು.

ಊಟ ಮಾಡದೆ ಹೋದರು. ಅವರ ಕಾರು ತಿರುವು ದಾಟುತ್ತಿದ್ದಂತೆ ಏಣಿ ತರಿಸಿ ಅಟ್ಟದಿಂದ ನಕ್ಷೆ ಇಳಿಸಿ ಮತ್ತೆ ಗೋಡೆಗೆ ಹಾಕಿದ್ದೇನೆ. ನಿಮ್ಮ ಅಪ್ಪಣೆ ಕೇಳಲಿಲ್ಲ.

ಧರ್ಮಾವತಿ


ತೀರ್ಥಹಳ್ಳಿ
10 ಮಾರ್ಚ್ 1987

ಧರ್ಮಾವತಿ ಅವರಿಗೆ,

ನಿಮ್ಮ ಪತ್ರ ತಲುಪಿತು. ನನ್ನನ್ನು ಸುಳ್ಳುಗಾರನನ್ನಾಗಿ ಮಾಡುವ ಮೊದಲು ಒಂದು ಮಾತು ನನಗೆ ಹೇಳಬಹುದಿತ್ತು. ಬೇಸಿಗೆ ಮುಗಿಯುವವರೆಗೆ ಕಚೇರಿಯನ್ನು ನಿಮಗೆ ತೋಚಿದಂತೆ ನಡೆಸಿ. ಆಮೇಲೆ ನೋಡೋಣ.

ಉಮಾಮಹೇಶ್ವರ


ಸಾಗರ
2 ಏಪ್ರಿಲ್ 1987

ಸರ್,

ಉತ್ತರ ಬರಲಿಕ್ಕಿಲ್ಲ ಎಂದು ತಿಳಿದೂ ಬರೆಯುತ್ತಿದ್ದೇನೆ. ವಾರದ ಪಟ್ಟಿಯನ್ನು ನಕ್ಷೆಯ ಜೊತೆ ಹೋಲಿಸಿ ನೋಡಿದ ಮೇಲೆಯೇ ಕಳಿಸುತ್ತಿದ್ದೇವೆ. ಮತ್ತೆ ಎರಡು ಕಡೆ ಊರು ಅದಲುಬದಲಾಗಿದ್ದು ಸಿಕ್ಕಿತು. ಅದರಲ್ಲಿ ಒಂದು ನಿಮ್ಮ ತೀರ್ಥಹಳ್ಳಿಯ ಕಡೆಯದು, ಮಂಡಗದ್ದೆಯ ಹತ್ತಿರ. ಪಟ್ಟಿ ಹೊರಡುವ ಮೊದಲೇ ತಿದ್ದಿದೆವು.

ನನ್ನನ್ನು 'ನೀವು' ಎಂದು ಕರೆದದ್ದನ್ನು ಓದಿ, ನಿಮ್ಮ ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ.

ಧರ್ಮಾವತಿ


ತೀರ್ಥಹಳ್ಳಿ
28 ಏಪ್ರಿಲ್ 1987

ಧರ್ಮಾವತಿ,

ಇಷ್ಟು ದಿನ ಬರೆಯದೆ ಇದ್ದದ್ದು ಕೋಪದಿಂದ ಎಂದು ನೀನು ತಿಳಿದಿರಬಹುದು. ಮೊದಲ ವಾರ ಕೋಪವೇ. ಆಮೇಲಿನದು ಬೇರೆ.

ಯುಗಾದಿ ಕಳೆದ ಮೇಲೆ ಯಾರಿಗೂ ಹೇಳದೆ ಹೊಸನಗರಕ್ಕೆ ಹೋಗಿದ್ದೆ. ಬೆಳ್ಳಪ್ಪನ ಜೊತೆ ನೇರಳೆಕೊಪ್ಪಕ್ಕೆ ನಡೆದೆ. ದಾರಿಯುದ್ದಕ್ಕೂ ಆತ ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಒಂದು ಮಾತೂ ಬೈಯಲಿಲ್ಲ. "ನೀವು ದೊಡ್ಡೋರು ಸರಿ ಅಂದಿದ್ಕೆ ನಾನೂ ಸರಿ ಅಂದೆ," ಎಂದ, ಅಷ್ಟೆ. ವಾಸಪ್ಪನ ಮನೆಯ ಮುಂದೆ ಹೋಗಿ ನಿಂತೆ. ಮೂಕಮ್ಮ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದರು. ಕೈ ನಡುಗಿ ಅಕ್ಕಿ ಚೆಲ್ಲುತ್ತಿತ್ತು, ಚೆಲ್ಲಿದ್ದನ್ನು ಹೆಕ್ಕಿ ಮತ್ತೆ ಮೊರಕ್ಕೆ ಹಾಕಿಕೊಳ್ಳುತ್ತಿದ್ದರು. ನಾನು ಒಳಗೆ ಹೋಗಲಿಲ್ಲ. ಬೇಲಿಯ ದಣಪೆಯ ಹತ್ತಿರದಿಂದಲೇ ತಿರುಗಿ ಬಂದೆ.

ಮೂವತ್ತು ವರ್ಷ ಪಾಠ ಹೇಳಿದ್ದೇನೆ. ನೀನು 'ಬಹುಮಟ್ಟಿಗೆ' ಎಂದು ಬರೆದಾಗ ಉಳಿದದ್ದು ಎಷ್ಟು ಎಂದು ಕೇಳಬೇಕಾದವನು ನಾನು. ಕೇಳಿದರೆ ನೀನು ಹೇಳಿಬಿಡುತ್ತೀಯ, ಹೇಳಿದರೆ ಕೊಟ್ಟ ಮಾತು ತಪ್ಪಬೇಕಾಗುತ್ತದೆ. ಅದಕ್ಕೇ ಕೇಳಲಿಲ್ಲ. ಕಾಗುಣಿತ ಎಂದು ತಿಳಿದದ್ದು ತಪ್ಪು ತಿಳಿವಳಿಕೆಯಲ್ಲ, ಹಾಗೆ ತಿಳಿಯುವುದು ನನಗೆ ಅನುಕೂಲವಾಗಿತ್ತು.

ಸಮಿತಿಗೆ ನಾನೇ ಹೋಗಿ ಎಲ್ಲ ಹೇಳಿ ಬಂದೆ. ನೇಮಿರಾಜರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ಬರುತ್ತೇನೆಯೇ ಎಂದು ಕಾದಿದ್ದರಂತೆ. ಬೇರೆ ಜಿಲ್ಲೆಗಳ ಮಾತು ನಿಂತಿತು. ನಮ್ಮ ಯಂತ್ರ ವಾಪಸು ಕೇಳಲಿಲ್ಲ. ಕಾರ್ಯದರ್ಶಿ ಸ್ಥಾನ ಬಿಡುತ್ತೇನೆ ಎಂದೆ. ಕೆಡಿಸಿದವರೇ ಸರಿಮಾಡಿ ಎಂದರು.

ಇನ್ನು ಮೇಲೆ ಪ್ರತಿ ಸೋಮವಾರ ನನಗೊಂದು ಕಾಗದ ಹಾಕು. ಮುಗಿದ ಕೆಲಸದ ಸುದ್ದಿ ಬೇಡ. ಏನು ಕೆಡಬಹುದು, ಕೆಟ್ಟರೆ ಯಾರಿಗೆ ತೊಂದರೆ, ಅಷ್ಟೇ ಬರೆ.

ಉಮಾಮಹೇಶ್ವರ


ಸಾಗರ
4 ಮೇ 1987

ಸರ್,

ತಪ್ಪನ್ನೆಲ್ಲ ನೀವೇ ಹೊತ್ತುಕೊಂಡರೆ ನನಗೆ ನಿಲ್ಲಲು ಜಾಗವಿರುವುದಿಲ್ಲ. ಒಂದು ಸಾಲು ಸಾಕಿತ್ತು: ಇದನ್ನು ಶುರು ಮಾಡಿದರೆ ಯಾವುದೋ ಊರು ತಪ್ಪಿಹೋಗುತ್ತದೆ, ಶುರು ಮಾಡಬೇಡಿ. ಮೂರು ಸಂಜೆ ಕೂತೂ ಆ ಸಾಲು ಬರೆಯಲಾಗಲಿಲ್ಲ. ನಿಮ್ಮ ಕಣ್ಣಲ್ಲಿ ಜಾಣೆಯಾಗಿ ಉಳಿಯುವುದು ನನಗೆ ಮುಖ್ಯವಾಗಿತ್ತು.

ನೀವು ಕೇಳಿದ ಮೊದಲ ಕಾಗದ ಇದೇ. ಏನು ಕೆಡಬಹುದು: ಕಾರ್ಡಿನಲ್ಲಿ ತಾಲ್ಲೂಕು ಬರೆಯದಿದ್ದರೆ ಈಗಲೂ ಊರು ತಪ್ಪಬಹುದು. ಕರೆಂಟು ಹೋದ ದಿನ ಹಾಕಿದ ಕಾರ್ಡುಗಳು ಸೇರಿವೆಯೋ ಇಲ್ಲವೋ ಖಾತ್ರಿಯಿಲ್ಲ. ನಾನು ಕಾಯಿಲೆ ಬಿದ್ದರೆ ಇದನ್ನು ನಡೆಸಲು ಇಲ್ಲಿ ಇನ್ನೊಬ್ಬರಿಲ್ಲ. ಎಲ್ಲಕ್ಕಿಂತ ದೊಡ್ಡದು, ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಭಯವಿಲ್ಲ ಎಂದು ಜನ ತಿಳಿಯುತ್ತಾರೆ. ಅದಕ್ಕೆ ಪ್ರೋಗ್ರಾಂನಲ್ಲಿ ಮದ್ದಿಲ್ಲ. ನಾವೇ ಹೋಗಿ ಹೇಳಬೇಕು.

ಧರ್ಮಾವತಿ


ತೀರ್ಥಹಳ್ಳಿ
26 ಅಕ್ಟೋಬರ್ 1987

ಪ್ರಿಯ ಧರ್ಮಾವತಿ,

ನಿನ್ನ ಸೋಮವಾರದ ಕಾಗದಗಳನ್ನು ಓದುವುದು ಸುಖದ ಕೆಲಸವಲ್ಲ. ಆದರೂ ಒಂದು ವಾರ ತಡವಾದರೆ ಅಂಚೆಯವನನ್ನು ಕಾಯುತ್ತಾ ಕೂರುತ್ತೇನೆ.

ಮತ್ತೆ ಕಾಯಿಲೆಯ ಕಾಲ ಬಂತು. ನಕ್ಷೆ ಯಾವಾಗ ಇಳಿಸಬಹುದು? ಇಳಿಸು ಎನ್ನುತ್ತಿಲ್ಲ, ಕೇಳುತ್ತಿದ್ದೇನೆ. ನಿನಗೆ ಸರಿ ಕಂಡರೆ, ಈ ಸಲದ ಪಟ್ಟಿ ಶುರು ಮಾಡುವ ಮೊದಲು ನೇರಳೆಕೊಪ್ಪಕ್ಕೊಮ್ಮೆ ಹೋಗಿ ಬಾ. ಮೂಕಮ್ಮನ ಮುಂದೆ ನಿಂತು ಹೇಳುವುದು ನನ್ನಿಂದ ಆಗದೆ ಹೋಯಿತು.

ಉಮಾಮಹೇಶ್ವರ


ಸಾಗರ
9 ನವೆಂಬರ್ 1987

ಪ್ರಿಯ ಸರ್,

ನಕ್ಷೆ ಯಾವಾಗ ಇಳಿಸಬಹುದು ಎಂದು ನನಗೆ ಗೊತ್ತಿಲ್ಲ. ಎಲ್ಲ ಊರಿಗೂ ನಂಬರು ಕೊಟ್ಟಾಯಿತು. ಆದರೂ ಕಾಯಿಲೆಯ ಒಂದು ಇಡೀ ಕಾಲ ಪಟ್ಟಿ, ನಕ್ಷೆ ಎರಡನ್ನೂ ಜೊತೆಗೆ ನಡೆಸದೆ ತಾರೀಕು ಹೇಳಿದರೆ ಅದು ಬರೀ ಬಾಯಿಮಾತು. ಸಮಿತಿಯವರು ಕೇಳಿದರೂ ಹೀಗೆಯೇ ಹೇಳಿ.

ಮೊನ್ನೆ ನೇರಳೆಕೊಪ್ಪಕ್ಕೆ ಹೋಗಿದ್ದೆ. ಬೆಳ್ಳಪ್ಪ ಜೊತೆಗಿದ್ದರು. ಮೂಕಮ್ಮ ಕಾಡಿಗೆ ಹೊರಡಲು ಹಗ್ಗ, ಕತ್ತಿ ಹಿಡಿದು ಹೊಸ್ತಿಲು ದಾಟುತ್ತಿದ್ದರು. ಕೈ ಈಗ ಅಷ್ಟು ನಡುಗುವುದಿಲ್ಲ.

ನಾನು ಯಾರೆಂದು ಹೇಳಿದೆ. ಅವರ ಊರಿನ ಹೆಸರು ಹೇಗೆ ತಪ್ಪಿತು, ತಪ್ಪಬಹುದೆಂದು ನಮಗೆ ಗೊತ್ತಿದ್ದೂ ಹೇಗೆ ಸುಮ್ಮನಿದ್ದೆವು, ಎಲ್ಲ ಹೇಳಿದೆ. ಅವರು ನಿಂತೇ ಕೇಳಿದರು. ಅಳಲಿಲ್ಲ, ಬೈಯಲಿಲ್ಲ. ನನಗೆ ಅದೇ ಕಷ್ಟವಾಯಿತು.

ಕೊನೆಗೆ, "ಅದೆಲ್ಲ ನಂಗೆ ತಿಳಿಯಲ್ಲ ಕಣವ್ವಾ," ಎಂದರು. "ಈಗ ನಾನು ಕಾಡಿಗೆ ಹೋಗಬೋದಾ, ಹೋಗಬಾರ್ದಾ? ಅದ ಹೇಳು."

ಹೋಗಬಹುದು ಎನ್ನಲು ಬಾಯಿ ಬರಲಿಲ್ಲ. ಹೋಗಬೇಡಿ ಎಂದರೆ ಅದೂ ಸುಳ್ಳು. "ನಂಗೆ ಗೊತ್ತಿಲ್ಲ," ಎಂದೆ. "ಈ ವಾರ ಇಲ್ಲಿ ಮಂಗ ಸತ್ತ ಸುದ್ದಿ ಬಂದಿಲ್ಲ. ನಮಗೆ ಗೊತ್ತಿರೋದು ಅಷ್ಟೇ. ನಮಗೆ ಗೊತ್ತಾಗದ್ದೂ ಇರಬಹುದು."

ಮೂಕಮ್ಮ ನನ್ನ ಮುಖವನ್ನೇ ನೋಡಿದರು. "ಆವಾಗ್ಲೂ ಅಷ್ಟು ಹೇಳಿದ್ರೆ ಸಾಕಾಗಿತ್ತು," ಎಂದರು.

ಆಮೇಲೆ ಹಗ್ಗ, ಕತ್ತಿ ಎರಡನ್ನೂ ಒಳಗಿಟ್ಟು ಬಂದರು.

ಧರ್ಮಾವತಿ